ಸಹಾಯ ಬೇಕು: ಎಥೆನಾಲ್ ಟ್ಯಾಂಕಿಗೆ ಯಾವ ಫೋಮ್, ಯಾವ ಸರ್ಟಿಫಿಕೇಟ್?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆಯ ಒಂದು ಎಥೆನಾಲ್ ಘಟಕದಲ್ಲಿ ಸೇಫ್ಟಿ ನೋಡಿಕೊಳ್ಳುತ್ತೇನೆ. ಬೆಂಕಿ ಆರಿಸುವ ಫೋಮ್ ಕಾನ್ಸಂಟ್ರೇಟ್ (ನೀರಿಗೆ ಬೆರೆಸಿ ನೊರೆ ಮಾಡುವ ದ್ರಾವಣ) ಖರೀದಿಸಬೇಕಿದೆ. ಸಪ್ಲೈಯರ್ ಒಬ್ಬರು ಮಾಮೂಲಿ ಎಎಫ್‌ಎಫ್‌ಎಫ್ 3% (ಇಂಧನದ ಮೇಲೆ ತೆಳು ಪದರ ಕಟ್ಟುವ ಫೋಮ್, ನೀರಿನಲ್ಲಿ 3% ಬೆರೆಸುವಂಥದ್ದು) ತೋರಿಸಿ "ಇದೇ ಸಾಕು ಸಾರ್" ಅಂತಿದ್ದಾರೆ. ಡೀಸೆಲ್‌ಗಾದರೆ ಸರಿ. ಎಥೆನಾಲ್ ನೊರೆಯಲ್ಲಿರುವ ನೀರನ್ನೇ ಎಳೆದುಕೊಂಡು ನೊರೆಯನ್ನು ಒಡೆದು ಹಾಕುತ್ತದೆ, ಅಲ್ವಾ? ಆಲ್ಕೊಹಾಲ್ ತಡೆಯುವ ಎಆರ್ ಬಗೆಯೇ ಬೇಕು ಅಂತ ನಾನು ಹಠ ಹಿಡಿದಿದ್ದೇನೆ. ಅಕೌಂಟ್ಸ್‌ನವರಿಗೆ ನನ್ನ ಮೇಲೆ ಸಿಟ್ಟು, ಅದು ಬೇರೆ ಕಥೆ.

ಸಪ್ಲೈಯರ್ ಕೊಟ್ಟ ಸರ್ಟಿಫಿಕೇಟ್ ಫೋಮ್‌ನ ಯುರೋಪಿಯನ್ ಮಾನದಂಡ ಇಎನ್ 1568ರ ಭಾಗ 3ರದ್ದು. ಅದು ನೀರಿನಲ್ಲಿ ಬೆರೆಯದ ಇಂಧನಕ್ಕೆ. ನಮಗೆ ಬೇಕಾದದ್ದು ನೀರಿನಲ್ಲಿ ಬೆರೆಯುವ ಇಂಧನದ ಭಾಗ 4. ಟೆಂಡರಿನಲ್ಲಿ ಭಾರತೀಯ ಮಾನದಂಡ ಐಎಸ್ 4989 ಜೊತೆ ಇದನ್ನೂ ಬರೆದರೆ ಸಾಕಾ, ಅಮೆರಿಕದ ಯುಎಲ್ 162 ಕೂಡ ಕೇಳಬೇಕಾ?

ಇನ್ನೊಂದು ವಿಷಯ. ಹಳೇ ಫೋಮ್ ಡ್ರಮ್ಮುಗಳ ತಳದಲ್ಲಿ ಗಷ್ಟು ಕೂತಿದೆ. ಪಿಎಚ್, ಗಷ್ಟಿನ ಪ್ರಮಾಣ, ನೊರೆ ಎಷ್ಟು ಪಟ್ಟು ಉಬ್ಬುತ್ತದೆ, ಅದರ 25% ನೀರು ಇಳಿಯಲು ಎಷ್ಟು ಹೊತ್ತು, ಇಷ್ಟನ್ನು ಟೆಸ್ಟ್ ಮಾಡಿಕೊಡುವ ಲ್ಯಾಬ್ ಹತ್ತಿರದಲ್ಲಿ ಇದೆಯಾ? ಸ್ಯಾಂಪಲ್ ಡ್ರಮ್ಮಿನ ಮೇಲಿಂದ ತೆಗೆಯಬೇಕಾ, ತಳದಿಂದಲಾ?

ಫ್ಲೋರಿನ್ ಇಲ್ಲದ ಫೋಮ್‌ಗೆ ಬದಲಾದವರಿದ್ದರೆ ದಯವಿಟ್ಟು ಹೇಳಿ: ಹಳೇ ಪ್ರೊಪೋರ್ಷನರ್‌ನಲ್ಲೇ (ಫೋಮನ್ನು ನೀರಿಗೆ ಅಳತೆಯಲ್ಲಿ ಬೆರೆಸುವ ಸಾಧನ) ನಡೆಯಿತಾ? ಆ ಫೋಮ್ ಜಾಸ್ತಿ ಮಂದ ಇರುತ್ತದಂತೆ, ಅದೇ ಯೋಚನೆ.