ವರ್ಡ್‌ಪ್ರೆಸ್ ಎಡಿಟರ್‌ನಲ್ಲಿ ಒಂದು ಪಾಠ ಮಾತ್ರ ಸೇವ್ ಆಗುತ್ತಿಲ್ಲ, ‘ವ್ಯಾಲಿಡ್ ಜೇಸನ್ ಅಲ್ಲ’ ಅಂತ ಬರುತ್ತಿದೆ

ಪಾಠಪಟ್ಟಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಪಾಠಗಳ ಒಂದು ಸೈಟ್ ನಡೆಸುತ್ತೇನೆ, ವರ್ಡ್‌ಪ್ರೆಸ್‌ನಲ್ಲಿ. ಈಗ ಡೇಟಾಬೇಸ್ ಬಗ್ಗೆ ಒಂದು ದೊಡ್ಡ ಪಾಠ ಬರೆದಿದ್ದೇನೆ. ‘ಸೇವ್ ಡ್ರಾಫ್ಟ್’ ಒತ್ತಿದ ತಕ್ಷಣ ಮೇಲೆ ಕೆಂಪು ಪಟ್ಟಿ ಬರುತ್ತದೆ: ‘ಅಪ್‌ಡೇಟಿಂಗ್ ಫೇಲ್ಡ್. ದಿ ರೆಸ್ಪಾನ್ಸ್ ಈಸ್ ನಾಟ್ ಎ ವ್ಯಾಲಿಡ್ ಜೇಸನ್ ರೆಸ್ಪಾನ್ಸ್.’

ವಿಚಿತ್ರ ಅಂದರೆ ಚಿಕ್ಕ ಪೋಸ್ಟ್‌ಗಳು ಸರಿಯಾಗಿ ಸೇವ್ ಆಗುತ್ತಿವೆ. ಸೈಟ್ ಕೂಡ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದೆ. ಇದೊಂದು ಪಾಠ ಮಾತ್ರ ಆಗುತ್ತಿಲ್ಲ. ಲಾಗೌಟ್ ಮಾಡಿ ಮತ್ತೆ ಲಾಗಿನ್ ಆದೆ, ಬೇರೆ ಬ್ರೌಸರ್ ನೋಡಿದೆ, ಪ್ಲಗಿನ್ ಎಲ್ಲ ಆಫ್ ಮಾಡಿದೆ, ಥೀಮ್ ಕೂಡ ಬದಲಿಸಿದೆ, ಏನೂ ವ್ಯತ್ಯಾಸ ಇಲ್ಲ. ಪಾಠ ತುಂಬಾ ಉದ್ದ ಆಗಿರುವುದಕ್ಕೆ ಹೀಗಾ? ಇದನ್ನು ಓದಬೇಕು ಅಂತ ಕಾಯುತ್ತಿರುವ ವಿದ್ಯಾರ್ಥಿಗಳು ಇದ್ದಾರೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಅಕ್ಷರಜೋಡಣೆ

ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಮೆಮೊರಿ ಲಿಮಿಟ್ ಮತ್ತು ‘ಪೋಸ್ಟ್ ಮ್ಯಾಕ್ಸ್ ಸೈಜ್’ ಎರಡನ್ನೂ ಜಾಸ್ತಿ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ವರ್ಡ್‌ಪ್ರೆಸ್‌ನ ಹಳೆಯ ಎಡಿಟರ್ ತರುವ ಕ್ಲಾಸಿಕ್ ಎಡಿಟರ್ ಪ್ಲಗಿನ್ ಹಾಕಿಕೊಳ್ಳಿ. ಅದು ಜೇಸನ್ ಗೀಸನ್ ಏನೂ ಕೇಳುವುದಿಲ್ಲ.

ಸರ್ವರ್‌ಸಖ

@ಪಾಠಪಟ್ಟಿ, ಮೊದಲು ಬರೆದದ್ದನ್ನು ಉಳಿಸಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಆ ಟ್ಯಾಬ್ ಮುಚ್ಚಬೇಡಿ. ಎಡಿಟರ್ ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದು ಪ್ರತಿಯನ್ನು ಬ್ರೌಸರ್‌ನ ಒಳಗೇ ಇಟ್ಟುಕೊಳ್ಳುತ್ತದೆ, ಆದರೆ ಅದು ಆ ಟ್ಯಾಬ್‌ಗೆ ಅಂಟಿಕೊಂಡಿರುತ್ತದೆ, ಟ್ಯಾಬ್ ಹೋದರೆ ಅದೂ ಹೋಗುತ್ತದೆ. ಕಂಟ್ರೋಲ್, ಶಿಫ್ಟ್, ಆಲ್ಟ್ ಮೂರನ್ನೂ ಹಿಡಿದು ಎಂ ಒತ್ತಿ. ಕೋಡ್ ಎಡಿಟರ್ ತೆರೆದುಕೊಳ್ಳುತ್ತದೆ. ಅಲ್ಲಿರುವುದನ್ನೆಲ್ಲ ಕಾಪಿ ಮಾಡಿ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿ. ಹೀಗೆ ಮಾಡಿದರೆ ಬ್ಲಾಕ್‌ಗಳ ಗುರುತೂ ಜೊತೆಗೇ ಬರುತ್ತದೆ, ಮತ್ತೆ ಅಂಟಿಸಿದಾಗ ಪಾಠ ಇದ್ದ ಹಾಗೇ ಕೂರುತ್ತದೆ.

ಉದ್ದದ ಅನುಮಾನ ಬಿಡಿ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ನಿಜ. ಆದರೂ 10,000 ಚಿಹ್ನೆ ಬರೆದರೆ ಆಗುವುದು ಸುಮಾರು 30 ಕೆಬಿ. ಪಿಎಚ್‌ಪಿಯ ‘ಪೋಸ್ಟ್ ಮ್ಯಾಕ್ಸ್ ಸೈಜ್’ ಮಾಮೂಲಿ ಮಿತಿಯೇ 8 ಎಂಬಿ. ಬರೀ ಅಕ್ಷರ ಬರೆದು ಆ ಮಿತಿ ಮುಟ್ಟುವುದು ಆಗದ ಮಾತು.

ಈಗ ಆ ಕೆಂಪು ಪಟ್ಟಿಯ ವಿಷಯ. 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಬ್ಲಾಕ್ ಎಡಿಟರ್ ಇದೆ. ಅದು ನಿಮ್ಮ ಬರಹವನ್ನು ‘ಡಬ್ಲ್ಯೂಪಿ-ಜೇಸನ್’ ಅನ್ನುವ ವಿಳಾಸಕ್ಕೆ, ಅಂದರೆ ರೆಸ್ಟ್ ಎಪಿಐಗೆ (ಪ್ರೋಗ್ರಾಂಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ ದಾರಿ) ಕಳಿಸುತ್ತದೆ, ಉತ್ತರ ಜೇಸನ್ ರೂಪದಲ್ಲೇ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಒಂದು ಬರಹದ ರೂಪ) ಬರಲಿ ಅಂತ ಕಾಯುತ್ತದೆ. ಬೇರೆ ಏನೇ ಬಂದರೂ ಈ ಒಂದೇ ವಾಕ್ಯ ತೋರಿಸುತ್ತದೆ. ಏನು ಬಂತು ಅಂತ ಅದು ಹೇಳುವುದಿಲ್ಲ. ಅದನ್ನು ನಾವೇ ಹೋಗಿ ನೋಡಬೇಕು. ಎಲ್ಲರೂ ಪ್ಲಗಿನ್ ಆಫ್, ಆನ್ ಅಂತ ಗಂಟೆಗಟ್ಟಲೆ ಕಳೆಯುತ್ತಾರೆ, ಇದನ್ನು ಮಾತ್ರ ನೋಡುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ, ಯಾಕೆಂದರೆ ಕಾರಣ ಅಲ್ಲೇ ಬರೆದಿರುತ್ತದೆ.

ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಆಮೇಲೆ ಸೇವ್ ಒತ್ತಿ. ನಿಮ್ಮ ಪೋಸ್ಟ್‌ನ ಸಂಖ್ಯೆಯಿಂದ ಶುರುವಾಗಿ ‘ಲೊಕೇಲ್=ಯೂಸರ್’ ಅಂತ ಮುಗಿಯುವ ಒಂದು ಸಾಲು ಕೆಂಪಾಗಿ ಬರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಸ್ಟೇಟಸ್ ಎಷ್ಟು, ‘ರೆಸ್ಪಾನ್ಸ್’ ಒಳಗೆ ಏನಿದೆ ಅಂತ ಇಲ್ಲಿ ಹಾಕಿ. 404 ಬಂದರೆ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನೂ ಬದಲಿಸದೆ ಸುಮ್ನೆ ಸೇವ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ಏಕೆಂದರೆ ವಿಳಾಸಗಳನ್ನು ಸರಿಯಾದ ಜಾಗಕ್ಕೆ ತಿರುಗಿಸುವ ರೀರೈಟ್ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ. 500 ಬಂದರೆ ಪಿಎಚ್‌ಪಿ ಎಲ್ಲೋ ಬಿದ್ದಿದೆ, ಎರರ್ ಲಾಗ್ ನೋಡಬೇಕು. 200 ಬಂದೂ ಈ ಪಟ್ಟಿ ಕಾಣಿಸಿದರೆ, ಯಾವುದೋ ಪ್ಲಗಿನ್‌ನ ಎಚ್ಚರಿಕೆ ಸಾಲು ಜೇಸನ್‌ನ ತಲೆಯ ಮೇಲೆ ಅಚ್ಚಾಗಿರುತ್ತದೆ. 403 ಬಂದರೆ ಮಾತ್ರ ಸ್ವಲ್ಪ ನಿಧಾನಕ್ಕೆ ಓದಿ. ಅದರಲ್ಲಿ ಎರಡು ಬಗೆ ಇವೆ.

@ಅಕ್ಷರಜೋಡಣೆ, ಕ್ಲಾಸಿಕ್ ಎಡಿಟರ್ ರೆಸ್ಟ್ ಎಪಿಐ ದಾರಿ ಹಿಡಿಯುವುದಿಲ್ಲ, ಆ ಮಾತು ಸರಿ. ಆದರೆ ತಡೆಯುತ್ತಿರುವುದು ವರ್ಡ್‌ಪ್ರೆಸ್‌ಗಿಂತ ಮುಂಚೆ ಇರುವ ಯಾವುದಾದರೂ ಆಗಿದ್ದರೆ ಆ ದಾರಿಯಲ್ಲೂ ಅದೇ ಗೋಡೆ ಸಿಗುತ್ತದೆ.

ಪಾಠಪಟ್ಟಿ

ತುಂಬಾ ಧನ್ಯವಾದ. ಕಾಪಿ ಮಾಡಿ ಇಟ್ಟುಕೊಂಡೆ, ಈಗ ನೆಮ್ಮದಿಯಾಗಿ ಉಸಿರಾಡುತ್ತಿದ್ದೇನೆ.

ಸ್ಟೇಟಸ್ 403. ರೆಸ್ಪಾನ್ಸ್‌ನಲ್ಲಿ ಜೇಸನ್ ಇಲ್ಲ, ಒಂದು ಪುಟ್ಟ ಎಚ್‌ಟಿಎಂಎಲ್ ಪುಟ ಇದೆ, ದಪ್ಪ ಅಕ್ಷರದಲ್ಲಿ ‘ಫರ್‌ಬಿಡನ್’ ಅಂತ. ವರ್ಡ್‌ಪ್ರೆಸ್ ಹೆಸರೇ ಅದರಲ್ಲಿ ಇಲ್ಲ. ಕ್ಲಾಸಿಕ್ ಎಡಿಟರ್ ಕೂಡ ಹಾಕಿ ನೋಡಿದೆ. ಅಲ್ಲೂ ಅದೇ ಫರ್‌ಬಿಡನ್ ಪುಟ, ಈ ಸಲ ಪರದೆ ತುಂಬಾ.

ಸರ್ವರ್‌ಸಖ

ಹಾಗಾದರೆ ಗೊತ್ತಾಯಿತು. 403 ಜೇಸನ್ ಆಗಿ ಬಂದು, ಅದರಲ್ಲಿ ‘ರೆಸ್ಟ್ ಕುಕಿ ಇನ್‌ವ್ಯಾಲಿಡ್ ನಾನ್ಸ್’ ಅಂತ ಇದ್ದಿದ್ದರೆ ನಿಮ್ಮ ಲಾಗಿನ್ ಹಳೆಯದಾಗಿದೆ ಅಂತ ಅರ್ಥ, ಪುಟ ರಿಫ್ರೆಶ್ ಮಾಡಿದರೆ ಸಾಕು. ನಿಮ್ಮದು ಎಚ್‌ಟಿಎಂಎಲ್. ಅಂದರೆ ಬಹುಮಟ್ಟಿಗೆ ಕೋರಿಕೆ ವರ್ಡ್‌ಪ್ರೆಸ್ ತನಕ ಹೋಗಿಯೇ ಇಲ್ಲ, ಸರ್ವರ್‌ನ ಬಾಗಿಲಲ್ಲೇ ಫೈರ್‌ವಾಲ್ ತಡೆದಿದೆ. ಪ್ಲಗಿನ್ ಎಲ್ಲ ಆಫ್ ಮಾಡಿದರೂ ಏನೂ ಆಗದೆ ಇದ್ದದ್ದು ಅದಕ್ಕೇ.

ಶೇರ್ಡ್ ಹೋಸ್ಟಿಂಗ್‌ಗಳಲ್ಲಿ ಸಾಮಾನ್ಯವಾಗಿ ಮಾಡ್‌ಸೆಕ್ಯುರಿಟಿ ಅನ್ನುವ ಫೈರ್‌ವಾಲ್ ಇರುತ್ತದೆ, ಅದರ ಜೊತೆ ಓವಾಸ್ಪ್ ಅನ್ನುವ ವೆಬ್ ಭದ್ರತಾ ಸಂಸ್ಥೆಯ ಕೋರ್ ರೂಲ್ ಸೆಟ್ ಥರದ ಒಂದು ನಿಯಮಗಳ ಕಟ್ಟು. ಒಳಗೆ ಬರುವ ಪ್ರತಿ ಬರಹದಲ್ಲೂ ದಾಳಿಯ ಲಕ್ಷಣ ಇದೆಯಾ ಅಂತ ಅದು ಹುಡುಕುತ್ತದೆ. ನೀವು ಬರೆದದ್ದು ಪಾಠ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅಕ್ಷರಗಳು ಮಾತ್ರ ಕಾಣುತ್ತವೆ. ನಿಮ್ಮದು ಡೇಟಾಬೇಸ್ ಪಾಠ, ಅಲ್ವಾ? ಒಳಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಕೋಡ್ ಇದೆಯಾ? ದಾಳಿ ಮಾಡುವವರು ತುರುಕುವುದೂ ಅಂಥದ್ದನ್ನೇ. ಪಾಠವನ್ನು ಅರ್ಧ ಮಾಡಿ ಒಂದು ಹೊಸ ಡ್ರಾಫ್ಟ್‌ನಲ್ಲಿ ಸೇವ್ ಮಾಡಿ ನೋಡಿ. ಆಗದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಬೇಗ ಸಿಕ್ಕಿಬೀಳುತ್ತದೆ.

ಪಾಠಪಟ್ಟಿ

ಸಿಕ್ಕಿತು! ಎರಡು ಟೇಬಲ್‌ಗಳ ಸಾಲುಗಳನ್ನು ಸೇರಿಸುವುದು ಹೇಗೆ ಅಂತ ಹೇಳುವ ಭಾಗ. ಅಲ್ಲಿ ‘ಯೂನಿಯನ್ ಸೆಲೆಕ್ಟ್’ ಇರುವ ಒಂದು ಕೋಡ್ ಬ್ಲಾಕ್ ಇದೆ. ಅದೊಂದನ್ನು ತೆಗೆದರೆ ಇಡೀ ಪಾಠ ಸೇವ್ ಆಗುತ್ತದೆ, ಅಷ್ಟು ಉದ್ದ ಇದ್ದರೂ. ಖಾಲಿ ಪೋಸ್ಟ್‌ನಲ್ಲಿ ಆ ಬ್ಲಾಕ್ ಒಂದನ್ನೇ ಹಾಕಿದರೂ 403.

ಈಗ ಏನು ಮಾಡಲಿ? ಅದನ್ನು ಸ್ಕ್ರೀನ್‌ಶಾಟ್ ಮಾಡಿ ಚಿತ್ರವಾಗಿ ಹಾಕಲಾ?

ಅಕ್ಷರಜೋಡಣೆ

ಕ್ಲಾಸಿಕ್ ಎಡಿಟರ್ ಬಗ್ಗೆ ಸರ್ವರ್‌ಸಖ ಹೇಳಿದ್ದೇ ಆಯಿತು. ಚಿತ್ರ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಕೋಡ್ ಕಲಿಯುವವರು ಕಾಪಿ ಮಾಡಿ ಓಡಿಸಿ ನೋಡಬೇಕು, ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಆ ಚಿತ್ರದಲ್ಲಿ ಏನೂ ಸಿಗುವುದಿಲ್ಲ. ಅಕ್ಷರಗಳ ಮಧ್ಯೆ ಕಾಣದ ಚಿಹ್ನೆ ತುರುಕಿ ಫೈರ್‌ವಾಲ್ ದಾಟಿಸುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಓದುಗರು ಅಂಟಿಸಿದಾಗ ಎರರ್ ಬರುತ್ತದೆ, ಯಾಕೆ ಅಂತ ಎಷ್ಟು ನೋಡಿದರೂ ತಿಳಿಯುವುದಿಲ್ಲ, ಪಾಪ.

ಸರ್ವರ್‌ಸಖ

ಹೌದು, ಅವೆರಡೂ ಬೇಡ. ಇದು ಹೋಸ್ಟಿಂಗ್‌ನವರು ಸರಿಮಾಡಬೇಕಾದ ವಿಷಯ, ಅವರಿಗೆ ಟಿಕೆಟ್ ಹಾಕಿ. ‘ಎಡಿಟರ್ ಕೆಲಸ ಮಾಡ್ತಿಲ್ಲ’ ಅಂತ ಬರೆದರೆ ಪ್ಲಗಿನ್ ಆಫ್ ಮಾಡಿ ಅನ್ನುವ ಉತ್ತರವೇ ಬರುತ್ತದೆ. 403 ಬಂದ ದಿನ, ಗಂಟೆ, ನಿಮಿಷ, ಯಾವ ವಿಳಾಸಕ್ಕೆ ಹೋದ ಕೋರಿಕೆ, ನಿಮ್ಮ ಐಪಿ, ಇಷ್ಟನ್ನೂ ಕೊಡಿ. ಮಾಡ್‌ಸೆಕ್ಯುರಿಟಿ ಲಾಗ್‌ನಲ್ಲಿ ಆ ಹೊತ್ತಿಗೆ ಯಾವ ನಿಯಮ ಹೊಡೆದಿದೆ, ಅದರ ಸಂಖ್ಯೆ ಎಷ್ಟು ಅಂತ ಕೇಳಿ.

ಅವರು ಕೋರ್ ರೂಲ್ ಸೆಟ್ ಬಳಸುತ್ತಿದ್ದರೆ ಎಸ್‌ಕ್ಯೂಎಲ್ ದಾಳಿಯ ನಿಯಮಗಳೆಲ್ಲ 942ರಿಂದ ಶುರುವಾಗುತ್ತವೆ. ಲಾಗ್‌ನಲ್ಲಿ 949110 ಅಂತಲೂ ಒಂದು ಕಾಣಬಹುದು. ಅಲ್ಲಿ ಹುಷಾರಾಗಿರಿ. ಆ ರೂಲ್ ಸೆಟ್‌ನಲ್ಲಿ ಪ್ರತಿ ನಿಯಮವೂ ಅಂಕ ಹಾಕುತ್ತಾ ಹೋಗುತ್ತದೆ, ಅಂಕ ಮಿತಿ ಮುಟ್ಟಿದರೆ, ಅದು ಮಾಮೂಲಿಯಾಗಿ 5, ಕೊನೆಗೆ ಬಾಗಿಲು ಹಾಕುವುದು 949110. ಅದು ಬರೀ ಒಟ್ಟು ಲೆಕ್ಕ. ಅದನ್ನೇ ತೆಗೆದರೆ ಯಾವ ದಾಳಿ ಬಂದರೂ ಅಂಕ ಬೀಳುತ್ತದೆ, ತಡೆಯುವವರು ಇರುವುದಿಲ್ಲ. ತೆಗೆಯಬೇಕಾದದ್ದು ಅದಕ್ಕಿಂತ ಮೇಲಿನ ಸಾಲುಗಳಲ್ಲಿರುವ 942ರ ನಿಯಮ, ಅದೂ ನಿಮ್ಮ ಸೈಟ್‌ನ ಪೋಸ್ಟ್ ಸೇವ್ ಆಗುವ ವಿಳಾಸಕ್ಕೆ ಮಾತ್ರ. ಕೋರ್ ರೂಲ್ ಸೆಟ್ ಜೊತೆ ಬಳಸಲು ವರ್ಡ್‌ಪ್ರೆಸ್‌ಗೆ ಅಂತಲೇ ಸಿದ್ಧ ವಿನಾಯಿತಿಗಳ ಕಟ್ಟು ಕೂಡ ಇದೆ, ಅದನ್ನು ಹಾಕಿದ್ದೀರಾ ಅಂತಲೂ ಕೇಳಿ.

ನಿಮ್ಮ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮಾಡ್‌ಸೆಕ್ಯುರಿಟಿ ಆಫ್ ಮಾಡುವ ಬಟನ್ ಇರಬಹುದು. ಕಾರಣ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಲು ಒಮ್ಮೆ ಆಫ್ ಮಾಡಿ, ಸೇವ್ ಮಾಡಿ, ತಕ್ಷಣ ಆನ್ ಮಾಡಿ. ಹಾಗೇ ಬಿಡಬೇಡಿ, ಕೈಮುಗಿದು ಹೇಳುತ್ತೇನೆ. ವರ್ಡ್‌ಪ್ರೆಸ್ ಸೈಟ್‌ಗಳ ಬಾಗಿಲು ಬಡಿಯುವ ಬಾಟ್‌ಗಳಿಗೆ ಹಗಲು ರಾತ್ರಿ ಅಂತ ಇಲ್ಲ.

ಖಾಲಿಹಾಳೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಬೇರೆ ಥರ, ಎಡಿಟರ್ ತೆರೆಯುವುದೇ ಇಲ್ಲ, ಬರೀ ಬಿಳಿ ಪುಟ. ಸೈಟ್‌ಗೆ ದಿನವೂ ಓದುಗರು ಬರುತ್ತಾರೆ, ಪ್ಲಗಿನ್ ಎಲ್ಲ ಆಫ್ ಮಾಡಲು ಭಯ.

ಸರ್ವರ್‌ಸಖ

@ಖಾಲಿಹಾಳೆ, ನೀವು ನೋಡಬೇಕಾದದ್ದು ಎಫ್12ರ ಕನ್ಸೋಲ್ ಟ್ಯಾಬ್. ಬಿಳಿ ಪುಟ ಬಂತು ಅಂದರೆ ಸಾಮಾನ್ಯವಾಗಿ ಯಾವುದೋ ಜಾವಾಸ್ಕ್ರಿಪ್ಟ್ ಮುರಿದಿರುತ್ತದೆ. ಕೆಂಪು ಸಾಲಿನ ಬಲಗಡೆ ಫೈಲ್‌ನ ಹೆಸರು ಇರುತ್ತದೆ, ಅದರ ಪೂರ್ತಿ ವಿಳಾಸದಲ್ಲಿ ‘ಪ್ಲಗಿನ್ಸ್’ ಆದಮೇಲೆ ಬರುವ ಹೆಸರನ್ನು ಮೊದಲು ಅನುಮಾನಿಸಿ. ಸ್ಕ್ರಿಪ್ಟ್‌ಗಳನ್ನು ಒಟ್ಟು ಸೇರಿಸಿ ಕುಗ್ಗಿಸುವ ಕ್ಯಾಶ್ ಪ್ಲಗಿನ್ ಇದ್ದರೆ ಅದನ್ನೂ ಬಿಡಬೇಡಿ. ಹಳೆಯ ಪ್ಲಗಿನ್‌ಗಳಲ್ಲಿ ಇದು ಜಾಸ್ತಿ. 2020ರ ಆಗಸ್ಟ್‌ನಲ್ಲಿ 5.5 ಬಂದಾಗ ಹಳೆಯ ಜಾವಾಸ್ಕ್ರಿಪ್ಟ್ ಕೋಡ್ ಓಡಲು ನೆರವಾಗುತ್ತಿದ್ದ ಜೆಕ್ವೆರಿ ಮೈಗ್ರೇಟ್ ತೆಗೆದರು, ಹಳೆಯ ಕೋಡ್ ನಂಬಿದ್ದ ಎಷ್ಟೋ ಪ್ಲಗಿನ್‌ಗಳು ಆಗ ಕೈಕೊಟ್ಟವು.

ಓದುಗರ ಬಗ್ಗೆ ಭಯ ಬೇಡ. ‘ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್’ ಅಂತ ಒಂದು ಪ್ಲಗಿನ್ ಇದೆ. ಅದರ ಟ್ರಬಲ್‌ಶೂಟಿಂಗ್ ಮೋಡ್‌ನಲ್ಲಿ ಪ್ಲಗಿನ್‌ಗಳು ಆಫ್ ಆಗುವುದು ನಿಮಗೆ ಮಾತ್ರ, ಬೇರೆಯವರಿಗೆ ಸೈಟ್ ಇದ್ದ ಹಾಗೇ ಕಾಣುತ್ತದೆ. ಒಂದೊಂದಾಗಿ ಆನ್ ಮಾಡುತ್ತಾ ಎಡಿಟರ್ ಯಾವಾಗ ಬೀಳುತ್ತದೆ ಅಂತ ನೋಡಿ.

ಪಾಠಪಟ್ಟಿ

ಹೋಸ್ಟಿಂಗ್‌ನವರಿಂದ ಉತ್ತರ ಬಂತು. ನೀವು ಹೇಳಿದ ಹಾಗೇ ಲಾಗ್‌ನಲ್ಲಿ 942ರ ಒಂದು ನಿಯಮ, ಅದರ ಕೆಳಗೆ 949110. ಮೊದಲು ಅವರು 949110 ತೆಗೆಯುತ್ತೇವೆ ಅಂದರು. ಬೇಡ, ಮೇಲಿನದನ್ನು ಮಾತ್ರ, ಅದೂ ಪೋಸ್ಟ್ ಸೇವ್ ಮಾಡುವ ವಿಳಾಸಕ್ಕೆ ಮಾತ್ರ ಅಂತ ಬರೆದೆ. ಒಪ್ಪಿಕೊಂಡು ಮಾಡಿಕೊಟ್ಟರು. ಪಾಠ ಸೇವ್ ಆಯಿತು, ಕೋಡ್ ಬ್ಲಾಕ್ ಸಮೇತ, ಪ್ರಕಟವೂ ಆಯಿತು. ಆ ಸಂಖ್ಯೆ ಮೊದಲೇ ಗೊತ್ತಿರದಿದ್ದರೆ ಅವರು ಹೇಳಿದ್ದಕ್ಕೆ ಹೂಂ ಅಂದುಬಿಡುತ್ತಿದ್ದೆ. ಇಬ್ಬರಿಗೂ ಮನಸಾರೆ ಧನ್ಯವಾದ.

ಖಾಲಿಹಾಳೆ

ನನಗೂ ಸಿಕ್ಕಿತು. ಕ್ಯಾಶ್ ಪ್ಲಗಿನ್‌ನಲ್ಲಿ ಸ್ಕ್ರಿಪ್ಟ್ ಸೇರಿಸುವ ಆಯ್ಕೆ ಆಫ್ ಮಾಡಿ, ಕ್ಯಾಶ್ ಖಾಲಿ ಮಾಡಿದೆ. ಎಡಿಟರ್ ತೆರೆಯುತ್ತಿದೆ.