ಬೆಟ್ಟದ 50 ಕಿ.ಮೀ. ಓಟಕ್ಕೆ ತಯಾರಿ: ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಆಗ್ತಿದೆ

ಮೈಸೂರು_ಮುಂಜಾವು:

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಓಡಲು ಶುರು ಮಾಡಿ ನಾಲ್ಕು ವರ್ಷ ಆಯಿತು. ಎರಡು ಫುಲ್ ಮ್ಯಾರಥಾನ್ ಮುಗಿಸಿದ್ದೇನೆ, ಎರಡೂ ಸಮತಟ್ಟಾದ ರಸ್ತೆಯಲ್ಲಿ. ಈಗ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ.ಗೆ ಹೆಸರು ಕೊಟ್ಟಿದ್ದೇನೆ. ಇನ್ನು 16 ವಾರ ಇದೆ.

ಕಳೆದ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದೆ. ಹತ್ತುವಾಗ ಉಸಿರು ಕಟ್ಟಿತು, ನಂದಿಯ ಹತ್ತಿರ ಪ್ರತಿ ಸಲವೂ ನಿಂತೆ. ಇಳಿಯುವಾಗ ಏನೂ ಅನ್ನಿಸಲಿಲ್ಲ, ಆರಾಮಾಗಿ ಓಡಿಕೊಂಡೇ ಬಂದೆ. ಆದರೆ ಮಂಗಳವಾರ ಬೆಳಗ್ಗೆ ಮಂಚದಿಂದ ಏಳುವುದೇ ಕಷ್ಟ ಆಯಿತು, ತೊಡೆಯ ಮುಂಭಾಗ ಕಲ್ಲಿನ ಹಾಗೆ ಬಿಗಿದಿತ್ತು, ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿದೆ. ಮೂರು ಸಲಕ್ಕೇ ಹೀಗಾದರೆ 50 ಕಿ.ಮೀ. ಹೇಗೆ? ವಾರಕ್ಕೆ ನಾಲ್ಕು ದಿನ ಮಾತ್ರ ಓಡಲು ಆಗುತ್ತದೆ. ಅದರಲ್ಲಿ ಬೆಟ್ಟಕ್ಕೆ ಎಷ್ಟು ಕೊಡಬೇಕು, ಅಲ್ಲಿ ಏನು ಮಾಡಬೇಕು ಅಂತ ಅನುಭವ ಇರುವವರು ದಯವಿಟ್ಟು ಹೇಳಿ.

ಘಟ್ಟದ_ಕಾಲು:

ನಿಮಗೆ ಆಗಿರುವುದು ಗಾಯ ಅಲ್ಲ, ಹೆದರಬೇಡಿ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಯುತ್ತಾ, ಎಳೆಸಿಕೊಳ್ಳುತ್ತಾ ಬ್ರೇಕ್ ಹಾಕುತ್ತದೆ. ಎಳೆಯುವಾಗ ಬೀಳುವ ಆ ಭಾರಕ್ಕೆ ಸ್ನಾಯುವಿನ ಎಳೆಗಳು ಸಣ್ಣದಾಗಿ ಹರಿಯುತ್ತವೆ, ನೋವು ಒಂದೆರಡು ದಿನ ಬಿಟ್ಟು ಬರುತ್ತದೆ. ಉಸಿರು ಹತ್ತುವುದಿಲ್ಲವಲ್ಲ, ಹಾಗಾಗಿ ಇಳಿಯುವಾಗ ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ.

ಒಳ್ಳೆಯ ಸುದ್ದಿ ಏನಂದರೆ ಒಂದು ಸಲ ಹೀಗೆ ನೊಂದ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ. ಅದರ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ವಾರ ವಾರ ತೊಡೆ ಮುರಿಯುವಷ್ಟು ಇಳಿಯಬೇಕಾಗಿಲ್ಲ. ನಾನು ಎರಡು ವಾರಕ್ಕೊಮ್ಮೆ ಗಟ್ಟಿಯಾಗಿ ಇಳಿಯುತ್ತೇನೆ, ಮಧ್ಯದ ವಾರ ಹಗುರವಾಗಿ. ಕೊನೆಯ ದೊಡ್ಡ ಇಳಿತ ಓಟಕ್ಕೆ ಎರಡೂವರೆ ವಾರ ಮೊದಲೇ ಮುಗಿಯಬೇಕು.

ಮೆಟ್ಟಿಲನ್ನು ಹತ್ತುವುದಕ್ಕೆ ಇಟ್ಟುಕೊಳ್ಳಿ, ಇಳಿಯುವುದಕ್ಕೆ ಡಾಂಬರು ರಸ್ತೆ ಹಿಡಿಯಿರಿ. ತೋಟದ ಜೀಪು ದಾರಿಗೆ ಹೋಲುವುದು ಉದ್ದದ ಇಳಿಜಾರೇ ಹೊರತು ಮೆಟ್ಟಿಲಲ್ಲ. ಬೆಳಗ್ಗೆ ಬೇಗ ಹೋಗಿ, ಗಾಡಿಗಳು ಕಡಿಮೆ ಇರುತ್ತವೆ. ಬೆಟ್ಟದ ತುದಿ ಊರಿಗಿಂತ ಸುಮಾರು 300 ಮೀಟರ್ ಎತ್ತರ, ಅಂದರೆ ನಾಲ್ಕು ಸಲ ಹೋಗಿ ಬಂದರೆ 1,200 ಮೀಟರ್ ಹತ್ತಿಳಿದ ಹಾಗೆ. ಮನೆ ಹತ್ತಿರ ಅಂಥದ್ದೊಂದು ಬೆಟ್ಟ ಇರುವುದು ನಿಮ್ಮ ಭಾಗ್ಯ ಅಲ್ವಾ! ಆಷಾಢ ಶುಕ್ರವಾರ ಮಾತ್ರ ಮೆಟ್ಟಿಲ ಕಡೆ ಹೋಗಬೇಡಿ. ಜನ ಜಾಸ್ತಿ, ಜೊತೆಗೆ ಭಕ್ತರು ಹಚ್ಚಿದ ಅರಿಶಿನ ಕುಂಕುಮ ಮಳೆಗೆ ನೆನೆದು ಕಾಲು ಜಾರುತ್ತದೆ.

ಇಳಿಯುವಾಗ ಹಿಂದಕ್ಕೆ ಬಾಗಬೇಡಿ, ಹೆಜ್ಜೆ ಚಿಕ್ಕದಿರಲಿ, ಬೇಗ ಬೇಗ ಬೀಳಲಿ. ನನ್ನ ಮೊದಲ 50ರಲ್ಲಿ ನಾನು ಉದ್ದ ಹೆಜ್ಜೆ ಹಾಕಿ ಇಳಿಜಾರಿನಲ್ಲಿ ಹತ್ತಾರು ಜನರನ್ನು ಹಿಂದೆ ಹಾಕಿದೆ. 32ನೇ ಕಿ.ಮೀ.ಯಲ್ಲಿ ತೊಡೆ ನಿಂತೇ ಹೋಯಿತು. ಉಳಿದ 18 ಕಿ.ಮೀ. ನಡೆದೆ, ಕೊನೆಯ ಇಳಿತವನ್ನು ಅಡ್ಡಡ್ಡ ತಿರುಗಿಕೊಂಡು ಇಳಿದೆ. ಆ ನೋವು ನಿಮಗೆ ಬೇಡ ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ರಾಗಿಗಂಜಿ:

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಾನು 2023ರಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಅನ್ನುವ ಉದ್ದದ ಓಟ ಓಡಿದೆ. ಆ ವರ್ಷ ಡೌನ್ ರನ್, ಅಂದರೆ ಒಟ್ಟಾರೆ ಇಳಿಯುವ ದಿಕ್ಕು, ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ಗೆ, ಸುಮಾರು 88 ಕಿ.ಮೀ., 12 ಗಂಟೆಯೊಳಗೆ ಮುಗಿಸಬೇಕು. ಇಳಿತ ಅಂದರೆ ಸುಲಭ ಅಂದುಕೊಂಡು ಹೋಗಿದ್ದೆ. ಅರ್ಧ ದಾರಿ ದಾಟಿ ತುಂಬಾ ಹೊತ್ತಾದ ಮೇಲೆ ಫೀಲ್ಡ್ಸ್ ಹಿಲ್ ಅನ್ನುವ ಉದ್ದದ ಇಳಿಜಾರು ಬರುತ್ತದೆ. ಅಲ್ಲಿ ನನ್ನ ಸುತ್ತ ಇದ್ದವರಲ್ಲಿ ಎಷ್ಟೋ ಜನ ಇಳಿಜಾರಿನಲ್ಲೇ ನಡೆಯುತ್ತಿದ್ದರು, ಏರಿನಲ್ಲಿ ಓಡಿದ್ದವರೇ! ನಾನು ಉಳಿದುಕೊಂಡದ್ದು ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿ ತಿಂಗಳುಗಟ್ಟಲೆ ರಸ್ತೆ ಇಳಿದಿದ್ದರಿಂದ.

ಇನ್ನೊಂದು ಮಾತು. ಏರಿನಲ್ಲಿ ನಡೆಯಿರಿ, ನಾಚಿಕೆ ಬೇಡ. ಕಡಿದಾದ ಏರಿನಲ್ಲಿ ಕೈಯನ್ನು ತೊಡೆಗೆ ಊರಿ ಬಿರುಸಾಗಿ ನಡೆಯುವವನಿಗೂ ಏದುಸಿರು ಬಿಡುತ್ತಾ ಓಡುವವನಿಗೂ ವೇಗದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಆದರೆ ಬಿರುಸಾಗಿ ನಡೆಯುವುದನ್ನೂ ಅಭ್ಯಾಸ ಮಾಡಬೇಕು, ಅದು ಸುಮ್ನೆ ಬರುವುದಿಲ್ಲ.

ತೋಟದಮನೆ:

ನಮ್ಮದು ಮೂಡಿಗೆರೆ ಕಡೆ, ತೋಟದ ದಾರಿಯಲ್ಲೇ ಓಡುವವಳು ನಾನು. ಊಟದ ವಿಷಯ ಯಾರೂ ಎತ್ತಲಿಲ್ಲ. ಬೆಟ್ಟದ 50 ಅಂದರೆ ನಮ್ಮಂಥವರಿಗೆ ಎಂಟು ಒಂಬತ್ತು ಗಂಟೆಯ ಕೆಲಸ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧದಷ್ಟು. ನಾನು ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಬೆಲ್ಲದ ಕಡಲೆ ಮಿಠಾಯಿ ಇಟ್ಟುಕೊಳ್ಳುತ್ತೇನೆ. ಹಸಿವಾಗುವ ಮೊದಲೇ ತಿನ್ನಬೇಕು. ಹೊಟ್ಟೆಗೂ ಅಭ್ಯಾಸ ಬೇಕು, ಹಾಗಾಗಿ ಭಾನುವಾರದ ಉದ್ದ ಓಟದಲ್ಲೇ ತಿಂದು ನೋಡಿ.

ನೀರನ್ನು ಬಾಯಾರಿಕೆ ನೋಡಿಕೊಂಡು ಕುಡಿಯಿರಿ. ಹೆದರಿ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತೊಂದರೆ ಆಗುತ್ತದೆ. ಮುಖ್ಯವಾಗಿ, ಓಡುವಾಗ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಬೇಡಿ, ಬೆವರಿ ಬತ್ತಿದ ಮೈಯಲ್ಲಿ ಅದು ಕಿಡ್ನಿಗೆ ಕೆಟ್ಟದ್ದು.

ನಮ್ಮ ಕಡೆ ಮಳೆ ನಿಂತ ಮೇಲೂ ದಾರಿ ಒದ್ದೆ ಇರುತ್ತದೆ, ಇಂಬಳ (ಜಿಗಣೆ) ಇರುತ್ತವೆ. ಉದ್ದನೆಯ ಸಾಕ್ಸ್ ಹಾಕಿ. ಅಚ್ಚು ಸವೆದ ರಸ್ತೆ ಶೂ ಕೆಸರಿನ ಇಳಿಜಾರಿನಲ್ಲಿ ಹಿಡಿತ ಕೊಡುವುದಿಲ್ಲ.

ಮೈಸೂರು_ಮುಂಜಾವು:

ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ ಮಂಗಳವಾರ, ಗುರುವಾರ ಸಮತಟ್ಟಿನಲ್ಲಿ ಹಗುರ ಓಟ, ಶನಿವಾರ ಬೆಟ್ಟ, ಭಾನುವಾರ ದಣಿದ ಕಾಲಲ್ಲೇ ಉದ್ದ ಓಟ. ಹೀಗೆ ಇಟ್ಟುಕೊಂಡರೆ ಸರಿನಾ?

ಘಟ್ಟದ_ಕಾಲು:

ಸರಿ ಇದೆ. ಆದರೆ ಗಟ್ಟಿಯಾಗಿ ಇಳಿದ ವಾರ ಭಾನುವಾರದ ಓಟವನ್ನು ಅರ್ಧಕ್ಕೆ ಇಳಿಸಿ, ನಾಲ್ಕನೇ ವಾರ ಎಲ್ಲವನ್ನೂ ಕಡಿಮೆ ಮಾಡಿ. ಈ ವಾರ ಬೆಟ್ಟ ಬೇಡ, ಮೊದಲು ಆಫೀಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯುವ ಹಾಗಾಗಲಿ.