ಬಿಲ್ಲೆ ಸರಿಸುವ ಪಜಲ್: ಯಾವ ಲೆವೆಲ್ ಎಷ್ಟು ಕಷ್ಟ ಅಂತ ತಿಳಿಯುವುದು ಹೇಗೆ?

ಪ್ರಶ್ನೆ (ಕೊಪ್ಪಳದಿಂದ)
ಫೋನಿಗೆ ಒಂದು ಪಜಲ್ ಮಾಡುತ್ತಿದ್ದೇನೆ. ಮೂರಕ್ಕೆ ಮೂರು ಮನೆ, ಎಂಟು ಬಿಲ್ಲೆ, ಒಂದು ಮನೆ ಖಾಲಿ. ಸರಿಸುತ್ತಾ ಚಿತ್ರ ಕೂಡಿಸಬೇಕು. ಚಿತ್ರಗಳೆಲ್ಲ ನಮ್ಮ ಕಡೆಯವೇ: ಕಿನ್ನಾಳದ ಮರದ ಗೊಂಬೆ, ಅಂಜನಾದ್ರಿ, ಮುನಿರಾಬಾದ್ ಕಡೆಯಿಂದ ತೆಗೆದ ತುಂಗಭದ್ರಾ ಡ್ಯಾಮ್. ಒಟ್ಟು 20 ಲೆವೆಲ್. ಇಸ್ಪೀಟು ಎಲೆ ಕಲೆಸಿದ ಹಾಗೆ ಕಲೆಸಿ, ಬಂದಿದ್ದನ್ನು ಬಂದ ಹಾಗೇ ಇಟ್ಟೆ.

ಮೊನ್ನೆ ಅಕ್ಕನ ಮಗಳಿಗೆ ಕೊಟ್ಟೆ, ಎಂಟು ವರ್ಷದವಳು. ಮೂರನೇ ಲೆವೆಲ್‌ಗೆ ಮುಕ್ಕಾಲು ಗಂಟೆ ಕೂತಳು. ಎಲ್ಲಾ ಸರಿ, ಕೆಳಗಿನ ಸಾಲಿನ ಎರಡು ಬಿಲ್ಲೆ ಮಾತ್ರ ಅದಲು ಬದಲು. "ಮಾಮಾ, ಇದು ಕೂಡಂಗಿಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಏಳನೆಯದನ್ನು ಮಾತ್ರ ಒಂದೇ ನಿಮಿಷದಲ್ಲಿ ಮುಗಿಸಿದಳು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಬರುವ ಹಾಗೆ ಜೋಡಿಸುವುದು ಹೇಗೆ?

ರಾಯಚೂರಿನಿಂದ
ಮಗು ಹೇಳಿದ್ದು ನಿಜ ಇರಬಹುದು ರೀ. ಬಿಲ್ಲೆಗಳನ್ನು ಕಿತ್ತು ಕಲೆಸಿದರೆ ಅರ್ಧದಷ್ಟು ಜೋಡಣೆ ಏನು ಮಾಡಿದರೂ ಕೂಡುವುದಿಲ್ಲ. 15 ಬಿಲ್ಲೆಯ ಪಜಲ್‌ಗೆ ಇದನ್ನು 1879ರಲ್ಲೇ ಗಣಿತದಿಂದ ತೋರಿಸಿದ್ದಾರೆ. ಕೂಡಿದ ಚಿತ್ರದ ಕ್ರಮದಲ್ಲೇ ಬಿಲ್ಲೆಗಳಿಗೆ ನಂಬರ್ ಹಾಕಿ. ಕಲೆಸಿದ ಮೇಲೆ ಖಾಲಿ ಮನೆ ಬಿಟ್ಟು ಸಾಲು ಸಾಲಾಗಿ ಓದಿ, ದೊಡ್ಡ ನಂಬರ್ ಚಿಕ್ಕದಕ್ಕಿಂತ ಮೊದಲು ಬರುವ ಜೋಡಿ ಎಷ್ಟಿವೆ ಎಣಿಸಿ. ನಿಮ್ಮ ಮೂರಕ್ಕೆ ಮೂರರಲ್ಲಿ ಸಮ ಬಂದರೆ ಕೂಡುತ್ತದೆ, ಬೆಸ ಬಂದರೆ ಇಲ್ಲ.

ಬಳ್ಳಾರಿಯಿಂದ
ಎಣಿಸಿದರೆ ಕೂಡುತ್ತೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ, ಕಷ್ಟ ಗೊತ್ತಾಗಲ್ಲ. ಕೂಡಿದ ಚಿತ್ರದಿಂದ ಹಿಂದಕ್ಕೆ ಹೋಗಿ. ಒಂದು ನಡೆಯಲ್ಲಿ ಸಿಗುವ ಜೋಡಣೆ, ಎರಡು ನಡೆಯಲ್ಲಿ ಸಿಗುವುದು, ಹೀಗೆ ಎಲ್ಲದಕ್ಕೂ ಗುರುತು ಹಾಕುತ್ತಾ ಬನ್ನಿ. ಇರುವುದೇ 1,81,440 ಜೋಡಣೆ, ಫೋನಿಗೆ ಇದೇನು ಭಾರ ಅಲ್ಲ. ಅತಿ ದೂರದ್ದು 31 ನಡೆ, ಸರಾಸರಿ ಸುಮಾರು 22. ಅದಕ್ಕೇ ಸುಮ್ನೆ ಕಲೆಸಿದರೆ ಕಷ್ಟದ್ದೇ ಜಾಸ್ತಿ ಬರುತ್ತದೆ. ಮಕ್ಕಳಿಗೆ 4ರಿಂದ 8 ನಡೆಯವುಗಳಿಂದ ಶುರು ಮಾಡಿ.

ಇನ್ನೊಂದು ಮಾತು. ಮೂರನೆಯದು ಡ್ಯಾಮ್ ಚಿತ್ರ ಅಲ್ವಾ? ಮೇಲಿನ ಸಾಲು ಬರೀ ಆಕಾಶ ಇದ್ದರೆ ನೋಡಿ. ಎರಡು ನೀಲಿ ಬಿಲ್ಲೆ ಅದಲು ಬದಲಾದರೆ ಯಾರ ಕಣ್ಣಿಗೂ ಬೀಳಲ್ಲ. ಆದರೆ ಅವು ಹಾಗೆ ಕೂತಿರುವಷ್ಟು ಹೊತ್ತೂ ಕೆಳಗಿನ ಎರಡು ಬಿಲ್ಲೆ ಸರಿಯಾಗುವುದೇ ಇಲ್ಲ.

ಕೊಪ್ಪಳದಿಂದ
ಹೌದು ಸರ್, ಡ್ಯಾಮ್ ಚಿತ್ರವೇ! ರಾತ್ರಿ 20ನ್ನೂ ಎಣಿಸಿದೆ. 9 ಕೂಡುವುದೇ ಇಲ್ಲ, ತೆಗೆದುಬಿಟ್ಟೆ. ಆದರೆ ಮೂರನೆಯದು ಕೂಡುವಂಥದ್ದೇ. ಅವಳು ಬಿಟ್ಟ ಆಟ ಫೋನಿನಲ್ಲಿ ಹಾಗೇ ಇತ್ತು. ತೆರೆದು ನೋಡಿದರೆ ಆಕಾಶದ ಎಡದ ಬಿಲ್ಲೆ ನಡುವೆ, ನಡುವಿನದು ಎಡಕ್ಕೆ. ಆಟ ಕಟ್ಟಿದ ನನಗೇ ಕಂಡಿರಲಿಲ್ಲ, ಆ ಮಗುವಿಗೆ ಹೇಗೆ ಕಾಣಬೇಕು?

ಈಗ ಬಿಲ್ಲೆಯ ಮೂಲೆಯಲ್ಲಿ ೧, ೨, ೩ ಅಂತ ಸಣ್ಣದಾಗಿ ಬರೆದಿದ್ದೇನೆ. ಉಳಿದವನ್ನು ನೀವು ಹೇಳಿದ ಹಾಗೆ ಕೂಡಿದ ಚಿತ್ರದಿಂದ ಹಿಂದಕ್ಕೆ ನಡೆ ಎಣಿಸಿ ಹೊಸದಾಗಿ ಕಲೆಸಿದೆ. ಕಿನ್ನಾಳದ ಗೊಂಬೆಯನ್ನು ಮೊದಲ ಲೆವೆಲ್‌ಗೆ ತಂದೆ, 5 ನಡೆ. ಕೆಂಪು, ಹಸಿರು, ಹಳದಿ, ಒಂದೊಂದು ಬಿಲ್ಲೆಗೂ ಬೇರೆ ಬೇರೆ ಬಣ್ಣ ಸಿಗುತ್ತದೆ. ಡ್ಯಾಮ್ 14 ನಡೆಯದಾಗಿ ಕೊನೆಗೆ ಹೋಯಿತು. ಭಾನುವಾರ ಅಕ್ಕ ಬರುತ್ತಾಳೆ, ಮಗಳ ಕೈಯಲ್ಲೇ ಮೊದಲು ಆಡಿಸುತ್ತೇನೆ.